ಸಾಕಿದ ಇರುವೆಗೆ ಯಾವ ಹುಳ? ಹೊಲದಿಂದ ಹಿಡಿದು ಹಾಕುವ ಮುನ್ನ ಓದಿ

ಮುಂಗಾರಿನ ಒಂದೆರಡು ಜೋರು ಮಳೆ ಬಿದ್ದ ಮೇಲೆ ರೆಕ್ಕೆ ಬಂದ ಗೊದ್ದಗಳು ದೀಪಕ್ಕೆ ಬರುತ್ತವೆ. ಬೆಳಿಗ್ಗೆ ನೋಡಿದರೆ ರೆಕ್ಕೆ ಕಳಚಿಕೊಂಡ ದಪ್ಪ ಹೊಟ್ಟೆಯ ರಾಣಿ ಇರುವೆ ಅಂಗಳದಲ್ಲಿ ಬಿಲ ಹುಡುಕುತ್ತಾ ಒಂಟಿಯಾಗಿ ಓಡಾಡುತ್ತಿರುತ್ತದೆ. ಅದನ್ನು ಹಿಡಿದು, ಟೆಸ್ಟ್‌ಟ್ಯೂಬಿನಲ್ಲಿ ನೀರು ತುಂಬಿ ಹತ್ತಿ ಒತ್ತಿ, ಕತ್ತಲಲ್ಲಿಟ್ಟು ಸಾಕುವ ಹುಡುಗರು ಈಗ ಹಳ್ಳಿಯಲ್ಲೂ ಇದ್ದಾರೆ. ಮೊಬೈಲಲ್ಲಿ ವಿಡಿಯೋ ನೋಡಿ ಕಲಿತವರೇ ಹೆಚ್ಚು. ಆ ವಿಡಿಯೋಗಳಲ್ಲಿ ಡಬ್ಬಿಯಲ್ಲಿ ಕೊಂಡುತಂದ ಹುಳ ಹಾಕುತ್ತಾರೆ. ನಮಗೇನು, ಹೊಲದ ತುಂಬಾ ಹುಳ ಇದೆ, ದುಡ್ಡು ಯಾಕೆ ಖರ್ಚು ಅಂತ ಅನಿಸುವುದು ಸಹಜ. ತಪ್ಪು ಆಗುವುದು ಅಲ್ಲೇ.

ನಾನು ಒಂದು ಗೂಡು ಕಳಕೊಂಡದ್ದೂ ಹೀಗೆಯೇ. ಹನ್ನೊಂದು ತಿಂಗಳು ಸಾಕಿದ ಗೊದ್ದ, ನೂರರ ಮೇಲೆ ಕೆಲಸಗಾರ ಇರುವೆ ಇದ್ದವು. ತೊಗರಿಗೆ ಕಾಯಿಕೊರಕ ಬಿದ್ದಿತ್ತು. ಗಿಡದ ಕೆಳಗೆ ತಾಡಪಾಲು ಹಾಸಿ, ಅಲುಗಾಡಿಸಿ ಹುಳ ಉದುರಿಸಿದೆವು. ನಮ್ಮ ಹೊಲಕ್ಕೆ ಇನ್ನೂ ಔಷಧಿ ಹೊಡೆದಿರಲಿಲ್ಲ, ಹಾಗಾಗಿ ಧೈರ್ಯವಾಗಿ ನಾಲ್ಕು ಹಸಿರು ಹುಳ ತಂದು ಹಾಕಿದೆ. ಅವನ್ನು ಉದುರಿಸಿದ್ದು ಬದುವಿನ ಸಾಲಿನಿಂದ. ಬದುವಿನ ಆಚೆಯವರು ಮೂರು ದಿನದ ಹಿಂದೆ ಹೊಡೆದಿದ್ದರು, ಗಾಳಿ ನಮ್ಮ ಕಡೆಗೇ ಇತ್ತು. ಮೊದಲ ದಿನ ಇರುವೆಗಳಿಗೆ ಹಬ್ಬ. ಎರಡನೇ ದಿನ ಕೆಲವು ಕಾಲು ನಡುಗಿಸುತ್ತಾ ಅಂಗಾತ ಬಿದ್ದವು. ಐದನೇ ದಿನ ರಾಣಿ ಹೋಯಿತು.

ರಾಣಿ ಕೊನೆಗೆ ಸತ್ತದ್ದು ಯಾಕೆ ಅಂತ ತಿಳಿದರೆ ಯಾವ ಹುಳ ಹಾಕಬೇಕು ಅನ್ನುವ ಪ್ರಶ್ನೆ ಅರ್ಧ ಬಗೆಹರಿದ ಹಾಗೆ. ಬೆಳೆದ ಇರುವೆ ಗಟ್ಟಿ ಆಹಾರ ನುಂಗಲಾರದು. ಸೊಂಟ ದಾರದ ಹಾಗೆ ಸಣ್ಣ, ಅದರೊಳಗೆ ದಾಟುವುದು ರಸ ಮಾತ್ರ. ಬಾಯಿಯ ಒಳಗೊಂದು ಸಣ್ಣ ಚೀಲ ಇದ್ದು, ಚೂರುಚಾರು ಅಲ್ಲೇ ಸೋಸಿ ಉಳಿಯುತ್ತದೆ, ಆಮೇಲೆ ಉಂಡೆ ಮಾಡಿ ಉಗುಳುತ್ತದೆ. ಹೀರಿದ ರಸ ಹೋಗುವುದು ಎರಡು ಹೊಟ್ಟೆಗೆ. ಒಂದು ಅದರ ಸ್ವಂತದ್ದು. ಇನ್ನೊಂದನ್ನು ಊರ ಹೊಟ್ಟೆ ಅಂತ ಕರೆಯಬಹುದು, ಅದರಲ್ಲಿ ತುಂಬಿಕೊಂಡು ಬಂದದ್ದನ್ನು ಬಾಯಿಂದ ಬಾಯಿಗೆ ಹಂಚುತ್ತದೆ. ಮರಿಹುಳುಗಳಿಗೂ ಅದೇ, ರಾಣಿಗೂ ಅದೇ. ಮನೆಗೆ ತರುವ ಇರುವೆ ಔಷಧಿ ಕೆಲಸ ಮಾಡುವುದು ಇದೇ ದಾರಿಯಲ್ಲಿ. ತಿಂದ ಇರುವೆ ತಕ್ಷಣ ಸಾಯಬಾರದು, ಹಂಚಿ ಆದಮೇಲೆ ಸಾಯಬೇಕು ಅಂತಲೇ ಅದನ್ನು ನಿಧಾನ ವಿಷವಾಗಿ ಮಾಡಿರುತ್ತಾರೆ. ನಾನು ಗೊತ್ತಿಲ್ಲದೆ ಅಂಥದೇ ಒಂದನ್ನು ಕೈಯಾರೆ ಇಟ್ಟಿದ್ದೆ.

ಆದ್ದರಿಂದ ಹುಳದ ಜಾತಿ, ಪ್ರೋಟೀನು ಎಷ್ಟು, ಕೊಬ್ಬು ಎಷ್ಟು ಎನ್ನುವುದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು, ಈ ಹುಳ ಇಲ್ಲಿಯವರೆಗೆ ಏನು ತಿಂದಿದೆ? ಉತ್ತರ ಗೊತ್ತಿಲ್ಲದ ಹುಳ ಎಷ್ಟೇ ದಷ್ಟಪುಷ್ಟ ಇದ್ದರೂ ಬೇಡ.

ಬೇಡದ ಹುಳಗಳು

ಸಿಂಪಡಣೆ ಮಾಡಿದ ಹೊಲದ್ದು ಬೇಡ ಅನ್ನುವುದು ಸರಿ. ಸಿಂಪಡಣೆ ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಔಷಧಿಯಲ್ಲಿ ಬೀಜೋಪಚಾರ ಮಾಡಿದರೆ ಅದು ಗಿಡದ ರಸದಲ್ಲೇ ಸೇರಿಕೊಳ್ಳುತ್ತದೆ. ಆ ರಸ ಹೀರಿದ ಹೇನು, ಜಿಗಿಹುಳ ಬದುಕಿದ್ದರೂ ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡಿರಬಹುದು. ಡಬ್ಬಿಯ ಮೇಲೆ ಬರೆದಿರುವ ಕೊಯ್ಲಿನ ಮುಂಚಿನ ಕಾಯುವ ದಿನಗಳನ್ನು ನಂಬಿಕೊಂಡು ಹುಳ ಹಿಡಿಯಬೇಡಿ. ಅದು ಮನುಷ್ಯರ ಊಟಕ್ಕೆ ಹಾಕಿದ ಲೆಕ್ಕ, ಇರುವೆಯ ತೂಕಕ್ಕೆ ಹಾಕಿದ್ದಲ್ಲ.

ಸಾವಯವ ಹೊಲ ಅಂದರೂ ಒಂದು ಮಾತು ಕೇಳಿ. ಬ್ಯೂವೇರಿಯಾ, ಮೆಟಾರೈಜಿಯಂ ಹೊಡೆಯುತ್ತಾರಲ್ಲ, ಅವು ಕೀಟಕ್ಕೆ ರೋಗ ತರುವ ಶಿಲೀಂಧ್ರಗಳು. ನಮಗೆ ಏನೂ ಮಾಡುವುದಿಲ್ಲ, ಇರುವೆಯೂ ಕೀಟವೇ ಅನ್ನುವುದನ್ನು ಮರೆಯಬಾರದು. ಬಿಳಿ ಬೂಷ್ಟು ಹಿಡಿದ ಅಥವಾ ಕಡ್ಡಿಯ ಹಾಗೆ ಸೆಟೆದು ಸತ್ತ ಹುಳವನ್ನು ಗೂಡಿನ ಹತ್ತಿರ ಕೂಡ ತರಬೇಡಿ.

ಮನೆಯ ಜಿರಳೆ ಬೇಡವೇ ಬೇಡ, ಯಾರ ಮನೆಯ ಸ್ಪ್ರೇ ತಿಂದು ಬಂದಿದೆಯೋ. ಕೊಟ್ಟಿಗೆಯ ನೊಣ, ಸಗಣಿ ಹುಳಕ್ಕೂ ಇದೇ ತೊಂದರೆ. ಉಣ್ಣೆಗೆ ಅಂತ ದನಕ್ಕೆ ಔಷಧಿ ಸವರಿರುತ್ತೇವೆ, ಐವರ್ಮೆಕ್ಟಿನ್ ಚುಚ್ಚಿಸಿದ್ದರೆ ಅದು ಸಗಣಿಯಲ್ಲೂ ಹೊರಬರುತ್ತದೆ, ಅದರಲ್ಲಿ ಬೆಳೆವ ಹುಳಗಳನ್ನೇ ಕೊಲ್ಲುತ್ತದೆ. ಕಂಬಳಿಹುಳ, ವಾಸನೆ ಬಿಡುವ ತಿಗಣೆ, ಗುಲಗಂಜಿ ಹುಳ ಇವು ತಮ್ಮ ಮೈಯಲ್ಲೇ ಕಹಿ ಇಟ್ಟುಕೊಂಡಿರುತ್ತವೆ. ಗುಲಗಂಜಿ ಹುಳವಂತೂ ಹೇನು ತಿನ್ನುವ ನಮ್ಮ ಕಡೆಯ ಆಳು, ಅದನ್ನು ಹೊಲದಲ್ಲೇ ಬಿಡಿ.

ಸೊಳ್ಳೆ ಬ್ಯಾಟಿಗೆ ಸಿಕ್ಕಿ ಸತ್ತ ಸೊಳ್ಳೆ ಮಾತ್ರ ಚಿಕ್ಕ ಗೂಡಿಗೆ ಒಳ್ಳೆಯ ತಿಂಡಿ, ಕರೆಂಟಿನಲ್ಲಿ ವಿಷ ಇಲ್ಲ. ಆದರೆ ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್ ಉರಿಸಿರಬಾರದು. ಅಂದಹಾಗೆ, ಅದು ಉರಿಯುವ ಕೋಣೆಯಲ್ಲಿ ಗೂಡನ್ನೂ ಇಡಬೇಡಿ.

ರೇಷ್ಮೆ ಇದ್ದವರಿಗೆ ಚಿಂತೆ ಕಡಿಮೆ

ಮನೆಯಲ್ಲಿ ರೇಷ್ಮೆ ಸಾಕುವವರು ಇದ್ದರೆ ನಿಮಗೆ ಸಿಗುವಂಥ ಹುಳ ಅಂಗಡಿಯಲ್ಲೂ ಸಿಗುವುದಿಲ್ಲ. ರೇಷ್ಮೆ ಹುಳ ಔಷಧಿಗೆ ಎಷ್ಟು ಸೂಕ್ಷ್ಮ ಅಂತ ಹಿಪ್ಪುನೇರಳೆ ಪಕ್ಕದಲ್ಲಿ ಟೊಮೆಟೊ ಹಾಕಿದವರನ್ನು ಕೇಳಿ. ಗಾಳಿಗೆ ಬಂದು ಸೊಪ್ಪಿನ ಮೇಲೆ ಕೂತ ಔಷಧಿಗೇ ಇಡೀ ಮನೆಯ ಹುಳ ಹೋಗಿಬಿಡುತ್ತದೆ. ಅಂದರೆ ಚೆನ್ನಾಗಿ ಮೇಯುತ್ತಾ ಬೆಳೆಯುತ್ತಿರುವ ರೇಷ್ಮೆ ಹುಳವೇ ಸೊಪ್ಪು ಶುದ್ಧ ಅನ್ನುವುದಕ್ಕೆ ಸಾಕ್ಷಿ. ಬೇರೆ ಯಾವ ಹುಳವೂ ಇಷ್ಟು ಭರವಸೆ ಕೊಡುವುದಿಲ್ಲ. ಸಿಪ್ಪೆ ಮೆತ್ತಗೆ, ಮೈತುಂಬಾ ರಸ, ಓಡಿಹೋಗುವುದಿಲ್ಲ, ಕಚ್ಚುವುದಿಲ್ಲ.

ಎರಡನೇ ಜ್ವರ ಕಳೆದ ಹುಳ ಚಿಕ್ಕ ಗೂಡಿಗೆ ಸರಿಯಾದ ಗಾತ್ರ. ದೊಡ್ಡ ಹುಳವಾದರೆ ಕತ್ತರಿಸಿ ಹಾಕಿ. ಹಾಸಿಗೆಗೆ ಸೋಂಕು ನಿವಾರಕ ಪುಡಿ, ಸುಣ್ಣ ಉದುರಿಸುವ ಮುಂಚೆ ಎತ್ತಿಟ್ಟುಕೊಳ್ಳಿ, ಪುಡಿ ಬಿದ್ದ ಮೇಲೆ ಬೇಡ. ಹಿಂದೆ ಬಿದ್ದ ಹುಳ, ಗುಂಪಿಗೆ ಹೊಂದದ್ದು ಅಂತ ತೆಗೆಯುತ್ತೀರಲ್ಲ, ಅದರಲ್ಲಿ ರೋಗದ್ದೂ ಇರುತ್ತದೆ ಅನ್ನುವುದು ನೆನಪಿರಲಿ. ಸುಣ್ಣಕಟ್ಟು ರೋಗ ತರುವುದು ಮೇಲೆ ಹೇಳಿದ ಅದೇ ಬ್ಯೂವೇರಿಯಾ. ಆರೋಗ್ಯವಾಗಿರುವುದನ್ನೇ ನಾಲ್ಕು ಕೊಟ್ಟರೆ ಬೆಳೆಗೇನೂ ನಷ್ಟವಿಲ್ಲ, ಅಪ್ಪನಿಗೆ ಹೇಳಿ ತೆಗೆದುಕೊಳ್ಳಿ ಅಷ್ಟೇ.

ಊಜಿ ನೊಣದ ಮರಿಹುಳು ಇನ್ನೂ ಒಂದು. 1980ರಲ್ಲಿ ಕರ್ನಾಟಕಕ್ಕೆ ಬಂದಾಗಿನಿಂದ ರೇಷ್ಮೆಯವರ ನಿದ್ದೆ ಕೆಡಿಸಿದ ಹುಳ ಇದು. ಚಂದ್ರಿಕೆಯ ಕೆಳಗೆ, ಗೂಡಿನ ಚೀಲದಲ್ಲಿ ಉದುರುವ ಈ ಹುಳುಗಳನ್ನು ಹೇಗಿದ್ದರೂ ಆರಿಸಿ ಸಾಯಿಸುತ್ತೇವೆ. ಸೋಪಿನ ನೀರಿಗೆ ಹಾಕುವ ಬದಲು ಕುದಿನೀರಿಗೆ ಹಾಕಿ, ಒಣಗಿಸಿ ಇರುವೆಗೆ ಕೊಡಬಹುದು. ಊಜಿಗೆ ಅಂತ ಔಷಧಿ ಬಳಸಿದ ಮನೆಯದ್ದಾದರೆ ಬಿಟ್ಟುಬಿಡಿ. ಜೀವಂತ ಮಾತ್ರ ಒಯ್ಯಬೇಡಿ, ತಪ್ಪಿಸಿಕೊಂಡು ಮೂಲೆಯಲ್ಲಿ ಗೂಡು ಕಟ್ಟಿದರೆ ಮುಂದಿನ ಬೆಳೆಗೆ ನಿಮ್ಮ ಮನೆಯಿಂದಲೇ ನೊಣ ಹೊರಡುತ್ತದೆ.

ರೇಷ್ಮೆ ಇಲ್ಲದವರು

ಗೂಡಲ್ಲಿ ಹತ್ತಿಪ್ಪತ್ತು ಇರುವೆ ಇರುವಾಗ ಹಣ್ಣಿನ ಚಿಕ್ಕ ನೊಣ ಸಾಕು. ತೊಳೆದ ಬಾಳೆಹಣ್ಣಿನ ತುಂಡು ಬಾಟಲಿಗೆ ಹಾಕಿ ಒಂದೆರಡು ದಿನ ತೆರೆದಿಡಿ, ನೊಣ ಸೇರಿದ ಮೇಲೆ ಬಾಯಿಗೆ ಬಟ್ಟೆ ಕಟ್ಟಿ. ಒಳಗೇ ಮರಿಯಾಗಿ ಬರುವ ಎರಡನೇ ತಲೆಮಾರಿನ ನೊಣವನ್ನೇ ಬಳಸಿ. ಅವು ಏನು ತಿಂದವು ಅಂತ ನಿಮಗೆ ಗೊತ್ತಿದೆ.

ಗೂಡು ದೊಡ್ಡದಾದ ಮೇಲೆ ಹಿಟ್ಟಿನ ಹುಳ, ಮೀಲ್‌ವರ್ಮ್ ಅಂತ ಮಾರುವುದು, ಅನುಕೂಲ. ಗೋಧಿ ತವುಡು, ತೇವಕ್ಕೆ ಒಂದು ತುಂಡು ಸಿಪ್ಪೆ ಹೆರೆದ ಕ್ಯಾರೆಟ್, ಅಷ್ಟರಲ್ಲೇ ಬೆಳೆಯುತ್ತದೆ. ಸಿಪ್ಪೆ ಗಟ್ಟಿ ಇರುವುದರಿಂದ ಈಗಷ್ಟೇ ಪೊರೆ ಬಿಟ್ಟ ಬಿಳಿ ಹುಳ ಆರಿಸಿ, ಇಲ್ಲವೇ ಅರ್ಧಕ್ಕೆ ಕತ್ತರಿಸಿ ಹಾಕಿ. ಟ್ರೈಕೋಗ್ರಾಮಾ ಕಾರ್ಡಿಗಾಗಿ ಕಾರ್ಸೈರಾ ಅಕ್ಕಿ ಪತಂಗ ಸಾಕುವವರು ಪರಿಚಯದಲ್ಲಿದ್ದರೆ ಅದರ ಮರಿಹುಳುವೂ ಮೆತ್ತಗಿದ್ದು ಚೆನ್ನಾಗಿರುತ್ತದೆ. ಆದರೆ ಇವೆರಡೂ ಕಣಜದ ಕೀಟಗಳು. ರಾಗಿ, ಜೋಳ ತುಂಬಿದ ಕೋಣೆಯಲ್ಲಿ ಇವನ್ನು ಸಾಕಿದರೆ ಇರುವೆ ಬದುಕುತ್ತದೆ, ದವಸ ಹೋಗುತ್ತದೆ.

ಜೇನು ಸಾಕುವವರ ಹಳೆ ಎರಿಯಲ್ಲಿ ಮೇಣದ ಪತಂಗದ ಹುಳ ಸಿಗುತ್ತದೆ, ಬಹಳ ಕೊಬ್ಬು, ವಾರಕ್ಕೊಮ್ಮೆ ಸಾಕು. ಮಳೆಗಾಲದ ಈಸಲು ಹುಳವೂ ಹಾಗೇ. ಒಂದೇ ರಾತ್ರಿ ಬೊಗಸೆಗಟ್ಟಲೆ ಸಿಗುವುದರಿಂದ ಫ್ರೀಜರಿನಲ್ಲಿಟ್ಟು ತಿಂಗಳುಗಟ್ಟಲೆ ಬಳಸಬಹುದು. ಗೆದ್ದಲಿಗೆ ಔಷಧಿ ಹಾಕಿಸಿದ ಕಟ್ಟಡ, ತೋಟದ ಹತ್ತಿರದ್ದು ಮಾತ್ರ ಬೇಡ.

ಎಲ್ಲ ಇರುವೆಗೂ ಒಂದೇ ಊಟ ಅಲ್ಲ. ಕಾಳು ಕೂಡಿಡುವ ಇರುವೆಗೆ ರಾಗಿ, ಹುಲ್ಲಿನ ಬೀಜವೇ ಮುಖ್ಯ. ನಮ್ಮ ಪಶ್ಚಿಮ ಘಟ್ಟದಲ್ಲಿರುವ ಜಿಗಿಯುವ ಇರುವೆ ಕಣ್ಣಿಂದ ನೋಡಿ ಹಾರಿ ಬೇಟೆ ಹಿಡಿಯುತ್ತದೆ, ಅದಕ್ಕೆ ಜೀವಂತ ಮರಿ ಜೀರುಂಡೆ ಬೇಕು. ಹೊಸಬರು ಗೊದ್ದದಿಂದಲೇ ಶುರು ಮಾಡಿ.

ಎಷ್ಟು, ಯಾವಾಗ

ಹೊಸದಾಗಿ ಹಿಡಿದ ಗೊದ್ದದ ರಾಣಿಗೆ ಏನೂ ಹಾಕಬೇಡಿ. ಇನ್ನು ಬೇಡದ ರೆಕ್ಕೆಯ ಸ್ನಾಯುವನ್ನೇ ಕರಗಿಸಿಕೊಂಡು ಅದು ಮೊದಲ ಮರಿಗಳನ್ನು ಸಾಕುತ್ತದೆ. ಪಾಪ ಉಪವಾಸ ಇದೆ ಅಂತ ದಿನಾ ತೆಗೆದು ನೋಡಿದರೆ ಹೆದರಿ ಮೊಟ್ಟೆಯನ್ನೇ ತಿಂದುಬಿಡುತ್ತದೆ. ಮೊದಲ ಕೆಲಸಗಾರರು ಓಡಾಡಲು ಶುರು ಮಾಡಿದ ಮೇಲೆ ಒಂದು ಹನಿ ಸಕ್ಕರೆ ನೀರು, ಒಂದು ಸತ್ತ ಹಣ್ಣಿನ ನೊಣ.

ಹುಳ ಬೇಕಾಗುವುದು ಮುಖ್ಯವಾಗಿ ಬೆಳೆಯುವ ಮರಿಗಳಿಗೆ, ಮೊಟ್ಟೆಯಿಡುವ ರಾಣಿಗೆ. ಓಡಾಡುವ ಇರುವೆಗೆ ಸಿಹಿಯೇ ಶಕ್ತಿ. ಟ್ಯೂಬಿನಲ್ಲಿ ಬಿಳಿ ಮರಿಹುಳು ಕಂಡರೆ ವಾರಕ್ಕೆ ಎರಡು ಸಲ ಹುಳ ಕೊಡಿ, ಮರಿ ಇಲ್ಲದಾಗ ಸಕ್ಕರೆ ನೀರೇ ಸಾಕು. ಯಾವ ಹುಳವಾದರೂ ಫ್ರೀಜರಿನಲ್ಲಿ ಎರಡು ದಿನ ಇಟ್ಟು, ಆರಿಸಿ ಕೊಟ್ಟರೆ ಜೊತೆಗೆ ಬರುವ ನುಸಿಯ ಕಾಟ ಕಡಿಮೆ. ಫ್ರೀಜರು ಇಲ್ಲದಿದ್ದರೆ ಕುದಿನೀರಿಗೆ ಹತ್ತು ಸೆಕೆಂಡು ಅದ್ದಿ ತೆಗೆಯಿರಿ. ಇದರಿಂದ ನುಸಿ ಸಾಯುತ್ತದೆ, ಔಷಧಿಯ ಅಂಶ ಹೋಗುವುದಿಲ್ಲ. ಉಳಿದದ್ದನ್ನು ಮರುದಿನ ತೆಗೆಯಿರಿ, ಬಿಟ್ಟರೆ ಬೂಷ್ಟು.

ಹೊಸ ಕಡೆಯಿಂದ ಹುಳ ತಂದಾಗ ಇಡೀ ಗೂಡಿಗೆ ಹಾಕಬೇಡಿ. ಐದಾರು ಕೆಲಸಗಾರರನ್ನು ಬೇರೆ ಡಬ್ಬಿಗೆ ತೆಗೆದು, ಅವಕ್ಕೆ ಮೊದಲು ಕೊಟ್ಟು, ಒಂದು ವಾರ ನೋಡಿ. ನಾನು ಅಂದು ಇಷ್ಟು ಮಾಡಿದ್ದರೆ ಆ ಐದಾರು ಮಾತ್ರ ಹೋಗುತ್ತಿದ್ದವು.

ಗೂಡಿನಲ್ಲಿ ನಡುಕ, ಅಂಗಾತ ಬೀಳುವುದು ಕಂಡರೆ ಕಾಯಬೇಡಿ. ಹುಳದ ಚೂರು ಒಂದೂ ಉಳಿಯದಂತೆ ತೆಗೆಯಿರಿ, ನಡುಗುತ್ತಿರುವ ಇರುವೆಗಳನ್ನು ಬೇರೆ ಮಾಡಿ. ರಾಣಿ, ಮರಿ ಮತ್ತು ಚುರುಕಾಗಿರುವ ಇರುವೆಗಳನ್ನು ಹೊಸ ಟ್ಯೂಬಿಗೆ ಸಾಗಿಸಿ, ಹೊಸ ಹತ್ತಿ, ಹೊಸ ನೀರು, ತಾಜಾ ಸಕ್ಕರೆ ನೀರು ಇಡಿ. ಒಂದು ವಾರ ಹುಳ ಕೊಡಬೇಡಿ. ಹಂಚಿಕೆ ರಾಣಿಯವರೆಗೆ ಮುಟ್ಟುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ನಿಮ್ಮ ಕೈಯಲ್ಲಿರುವುದು ಅಷ್ಟೇ ಸಮಯ.