ಗೋಡೆ ಹಿಡಿದು ಶುರು ಮಾಡಿ

ಯಳವತ್ತಿಯ ಹುಡುಗ ಹುಡುಗಿಯರೇ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಲ್ಯಾಕ್ರೋಸ್ ಇದೆ. 1908ರ ನಂತರ ಪದಕಕ್ಕಾಗಿ ಈ ಆಟ ನಡೆಯಲಿರುವುದು ಇದೇ ಮೊದಲು. ತುದಿಗೆ ಬಲೆ ಕಟ್ಟಿದ ಕೋಲು, ಗಟ್ಟಿ ರಬ್ಬರ್ ಚೆಂಡು, ಕಣದಲ್ಲಿ ತಂಡಕ್ಕೆ ಆರು ಜನ. ಚೆಂಡು ಸಿಕ್ಕಿತೆಂದರೆ 30 ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯಬೇಕು.

ಕಲಿಯುವ ಮನಸ್ಸಿದ್ದರೆ ಮೈದಾನಕ್ಕೆ ಕಾಯಬೇಡಿ. ಕಿಟಕಿಯಿಲ್ಲದ ಒಂದು ಗಟ್ಟಿ ಗೋಡೆ ಸಾಕು. ನಾಲ್ಕೈದು ಹೆಜ್ಜೆ ದೂರ ನಿಂತು ಎಸೆಯಿರಿ, ಹಿಡಿಯಿರಿ. ಚೆಂಡು ಬಲೆಗೆ ತಾಗುವ ಹೊತ್ತಿಗೆ ಕೋಲನ್ನು ತುಸು ಹಿಂದಕ್ಕೆ ಬಿಡಿ. ಬಿಗಿಹಿಡಿದರೆ ಚೆಂಡು ಪುಟಿದು ಹೊರಗೆ ಹೋಗುತ್ತದೆ. ಬಲಗೈಯಲ್ಲಿ ಎಷ್ಟು ಹೊತ್ತು ಆಡುವಿರೋ ಎಡಗೈಯಲ್ಲೂ ಅಷ್ಟೇ ಹೊತ್ತು ಆಡಿ. ಬೇಸರ ಬರುತ್ತದೆ, ಬಿಡಬೇಡಿ. ಒಂದೇ ಕೈಯ ಆಟಗಾರನನ್ನು ತಡೆಯುವುದು ಬಲು ಸುಲಭ. ನೆಲದ ಚೆಂಡಿಗೆ ಮೊಣಕಾಲು ಬಗ್ಗಿಸಿ, ಕೋಲಿನ ಬುಡವನ್ನೂ ನೆಲದ ಹತ್ತಿರ ತಂದು, ಓಟ ನಿಲ್ಲಿಸದೆ ಬಾಚಿ ಎತ್ತಿ. ಖೊಖೊ ಆಡಿ ಬೆಳೆದ ಕಾಲಿಗೆ ಇದು ಬೇಗ ಒಗ್ಗುತ್ತದೆ.

ಎದುರಾಳಿಯೊಡನೆ ಆಡುವಾಗ ಹುಡುಗರಿಗೆ ಹೆಲ್ಮೆಟ್, ಹುಡುಗಿಯರಿಗೆ ಕಣ್ಣಿನ ಕವಚ, ಎಲ್ಲರಿಗೂ ಮೌತ್‌ಗಾರ್ಡ್ ಬೇಕೇ ಬೇಕು.

ಊರಲ್ಲಿ ಕಲಿಸುವವರಿಲ್ಲವೆಂದು ಕೈಚೆಲ್ಲಬೇಡಿ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ, ಕ್ರಿಕೆಟ್ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗೆ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ನಾಳೆಯೇ ಶಾಲೆಯ ಪಿ.ಟಿ. ಸರ್ ಹತ್ತಿರ ಹೋಗಿ, ಸಂಜೆ ಒಂದು ಗೋಡೆ ಬಿಟ್ಟುಕೊಡಿರೆಂದು ಕೇಳಿ.