ಹೊರಳಿಸಬಾರದ ಫೋಟೊ, ತಿರುವಬಾರದ ಪುಟ

ಪುಟವಿನ್ಯಾಸ ಕಲಿಯುವವರಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು: ಫೋಟೊದಲ್ಲಿರುವ ಮುಖ ಪುಟದ ಒಳಕ್ಕೆ ನೋಡುತ್ತಿರಬೇಕು. ಬಲಪುಟದ ಅಂಚಿನಲ್ಲಿರುವವರು ಹೊರಕ್ಕೆ ಮುಖ ಮಾಡಿದ್ದರೆ ಓದುಗರ ಕಣ್ಣೂ ಹೊರಕ್ಕೆ ಹೋಗುತ್ತದೆ. ಫೋಟೊಶಾಪ್‌ನಲ್ಲಿ ಇದಕ್ಕೆ ಸುಲಭದ ಉಪಾಯವಿದೆ. ಫ್ಲಿಪ್ ಹಾರಿಜಾಂಟಲ್ ಒತ್ತಿದರೆ ಮುಖ ಒಳಕ್ಕೆ ತಿರುಗುತ್ತದೆ. ಮದುವೆ ಆಲ್ಬಮ್ಮು, ಶಾಲೆಯ ಸ್ಮರಣ ಸಂಚಿಕೆ, ಚುನಾವಣೆಯ ಕರಪತ್ರ ಎಲ್ಲದರಲ್ಲೂ ಇದು ನಡೆಯುತ್ತದೆ. ಸಂಗೀತ ಪತ್ರಿಕೆಯಲ್ಲಿ ಮಾತ್ರ ನಡೆಯಕೂಡದು.

ಹಾಸನದಲ್ಲಿ ಡಿಟಿಪಿ ಕೆಲಸ ಮಾಡಿಕೊಂಡಿದ್ದ ನಾನು ಸಂಗೀತ ಪತ್ರಿಕೆಯೊಂದರ ಪುಟ ಕಟ್ಟುವ ಹೊಣೆ ಹೊತ್ತಾಗ ಇದನ್ನು ಮನದಟ್ಟು ಮಾಡಿಸಿದವರು ಮೃದಂಗದ ಮೇಷ್ಟ್ರೊಬ್ಬರು. ಕರಣೆ ಎಂಬ ಕಪ್ಪು ಲೇಪ ಹಚ್ಚಿದ ಮೃದಂಗದ ಬಲಮುಚ್ಚಿಗೆ ಸಭಿಕರ ಕಡೆಗಿರಬೇಕು. ಅದಕ್ಕೇ ಮೃದಂಗದವರು ಗಾಯಕರ ಬಲಕ್ಕೂ ಪಿಟೀಲಿನವರು ಎಡಕ್ಕೂ ಕೂರುವುದು ರೂಢಿ. ಪಳನಿ ಸುಬ್ರಹ್ಮಣ್ಯ ಪಿಳ್ಳೈ ಎಡಗೈ ಮೃದಂಗ ವಾದಕರಾಗಿದ್ದರು. ಅವರು ಕೂತಾಗ ವೇದಿಕೆಯ ಜಾಗಗಳೇ ಅದಲುಬದಲಾಗಬೇಕಿತ್ತು, ಅದಕ್ಕೆ ಒಪ್ಪದ ಪಿಟೀಲು ವಿದ್ವಾಂಸರೂ ಇದ್ದರು. ಅಂಥಾ ಮಹಾ ವಿದ್ವಾಂಸರಿಗೆ ಕಚೇರಿಗಳನ್ನೇ ತಪ್ಪಿಸಿದ ಸಂಗತಿಯನ್ನು ನಾವು ಒಂದು ಕ್ಲಿಕ್ಕಿನಲ್ಲಿ ಯಾರಿಗೆ ಬೇಕಾದರೂ ಅಂಟಿಸಿಬಿಡಬಹುದು. ಫೋಟೊ ಹೊರಳಿಸಿದರೆ ವೀಣೆಯ ಕೊಡ ಎಡಗೈ ಕಡೆಗೆ ಬರುತ್ತದೆ, ಕಮಾನು ಎಡಗೈ ಸೇರುತ್ತದೆ, ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಕೊಟ್ಟ ಹೆಸರುಗಳೂ ಸುಳ್ಳಾಗುತ್ತವೆ. ಮುಖ ಹೊರಗೆ ನೋಡುತ್ತಿದ್ದರೆ ಫೋಟೊವನ್ನು ಎಡಪುಟಕ್ಕೆ ಸಾಗಿಸಿ, ಲೇಖನವನ್ನು ಬಲಕ್ಕೆ ಹರಿಸಿ. ಹೊರಳಿಸಬೇಡಿ.

ನಮ್ಮ ಜಿಲ್ಲೆಯ ಸಂಗೀತದ ಬಗ್ಗೆ ಏನು ಮಾಡಹೊರಟರೂ ದಾರಿ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೇ ಹೋಗುತ್ತದೆ. ಕಾವೇರಿ ದಡದ ಈ ಊರಿನಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅವರು 1995ರಲ್ಲಿ ಸಂಗೀತ ಕಲಾನಿಧಿಯಾದರು, 2011ರಲ್ಲಿ ಪದ್ಮಭೂಷಣ ಪಡೆದರು. ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಊರಿನಲ್ಲಿ ಕಟ್ಟಿಸಲು ಮುಂದಾದ ಆರ್.ಕೆ. ಪದ್ಮನಾಭ, ಏಳು ತಂತಿಯ ಪಿಟೀಲಿನ ಆರ್.ಆರ್. ಕೇಶವಮೂರ್ತಿ, ಎಲ್ಲರೂ ಇದೇ ಊರಿನ ಬೇರಿನವರು. ಇಷ್ಟು ಸಣ್ಣ ಹಳ್ಳಿ ಇಷ್ಟು ವಿದ್ವಾಂಸರನ್ನು ಕೊಟ್ಟಿದ್ದರೂ ನಮ್ಮ ಜಿಲ್ಲೆಯ ಮಕ್ಕಳಲ್ಲಿ ಅನೇಕರಿಗೆ ಅದರ ಹೆಸರೇ ಗೊತ್ತಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಪತ್ರಿಕೆಯ ಕೆಲಸಕ್ಕೆ ಒಪ್ಪಿಕೊಂಡದ್ದೂ ಆ ಸಂಕಟದಿಂದಲೇ.

ಕೇಶವಮೂರ್ತಿಯವರ ಪಿಟೀಲಿನ ವಿಷಯ ಫೋಟೊ ತಿದ್ದುವವರೆಲ್ಲ ಅರಿತಿರಬೇಕಾದದ್ದು. ಮೈಕು ಎಲ್ಲೆಡೆ ಬಂದಿರದ ಕಾಲದಲ್ಲಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿದರು. ಕೇಶವಮೂರ್ತಿಯವರು ಅದೇ ಏಳು ತಂತಿಯ ವಾದ್ಯವನ್ನು ನುಡಿಸಿದರು. ಈಗ ಒಂದು ಹಳೆಯ ಕಪ್ಪು ಬಿಳುಪು ಫೋಟೊ ಸ್ಕ್ಯಾನ್ ಆಗಿ ಪರದೆಯ ಮೇಲಿದೆ ಎಂದುಕೊಳ್ಳಿ. ಗೀರು, ಕಲೆ, ಫಂಗಸ್ಸಿನ ಚುಕ್ಕೆ, ಮಡಿಕೆಯ ಬಿಳಿಗೆರೆ ಎಲ್ಲ ಇವೆ. ಹೀಲಿಂಗ್ ಬ್ರಷ್ಷಿಗೆ ತಂತಿ ಯಾವುದು, ಗೀರು ಯಾವುದು ಎಂಬ ಭೇದ ತಿಳಿಯದು. ಎರಡೂ ಅದಕ್ಕೆ ತೆಳ್ಳನೆಯ ಗೆರೆಗಳೇ. ಈಚಿನ ಕೃತಕ ಬುದ್ಧಿಮತ್ತೆಯ ಉಪಕರಣಗಳು ಇನ್ನೂ ಅಪಾಯಕಾರಿ. ಅವು ತಾವು ಕಂಡ ಸಾವಿರಾರು ಪಿಟೀಲುಗಳ ಆಧಾರದ ಮೇಲೆ ಏಳನ್ನು ನಾಲ್ಕು ಮಾಡಿ ‘ಸರಿಪಡಿಸುತ್ತವೆ’. ನಾಲ್ಕು ಮುಖ್ಯ ತಂತಿ, ಮೂರು ತಾಳದ ತಂತಿಯ ವೀಣೆಯೂ ಅವುಗಳ ಕೈಯಲ್ಲಿ ಗಿಟಾರಿನಂತಾಗುತ್ತದೆ. ಹಿನ್ನೆಲೆ ಅಳಿಸುವ ಬಟನ್ನು ಒತ್ತಿದರೆ ತಂಬೂರಿಯ ತಂತಿ, ಕಮಾನಿನ ಕೂದಲು ಹಿನ್ನೆಲೆಯ ಜೊತೆಯಲ್ಲೇ ಹೊರಟುಹೋಗುತ್ತವೆ.

ಹಾಗಾಗಿ ಕ್ರಮೇಣ ಒಂದು ಪದ್ಧತಿ ಬೆಳೆಸಿಕೊಂಡೆ. ಮೂಲ ಸ್ಕ್ಯಾನನ್ನು ಮುಟ್ಟುವುದಿಲ್ಲ. ತಿದ್ದುಪಡಿಯೆಲ್ಲ ಅದರ ಮೇಲಿನ ಖಾಲಿ ಲೇಯರಿನಲ್ಲಿ. ವಾದ್ಯ ಮತ್ತು ಬೆರಳುಗಳಿರುವ ಭಾಗಕ್ಕೆ ಮೊದಲೇ ಮಾಸ್ಕ್ ಹಾಕುತ್ತೇನೆ. ಅಲ್ಲಿ ಯಾವ ಸ್ವಯಂಚಾಲಿತ ಉಪಕರಣಕ್ಕೂ ಪ್ರವೇಶವಿಲ್ಲ, ಕ್ಲೋನ್ ಸ್ಟ್ಯಾಂಪಿನಿಂದ ಕೈಯಲ್ಲೇ ತಿದ್ದಬೇಕು. ಗೀರು ತಂತಿಗೆ ಅಡ್ಡ ಹಾದಿದ್ದು ಬೇರ್ಪಡಿಸಲಾಗದಿದ್ದರೆ ಗೀರನ್ನು ಹಾಗೇ ಬಿಡುತ್ತೇನೆ. ಫೋಟೊಕ್ಕೆ ವಯಸ್ಸಾಗಿದೆ ಎಂದು ಓದುಗರಿಗೆ ತಿಳಿದರೆ ನಷ್ಟವೇನೂ ಇಲ್ಲ.

ಈ ಫೋಟೊಗಳು ಸಿಗುವುದು ಮನೆಗಳ ಗೋಡೆಗಳಲ್ಲಿ. ಎಷ್ಟೋ ಚಿತ್ರಗಳು ತೇವಕ್ಕೆ ಚೌಕಟ್ಟಿನ ಗಾಜಿಗೇ ಅಂಟಿಕೊಂಡಿರುತ್ತವೆ. ಕೀಳಹೋದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ, ಎರಡು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ಕ್ಯಾಮೆರಾದಲ್ಲಿ ತೆಗೆಯುವುದೇ ಸರಿ. ಬಿಡಿ ಫೋಟೊ ಸಿಕ್ಕರೆ 600 ಪಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. 3×4 ಇಂಚಿನ ಫೋಟೊ ಆಗ 1800×2400 ಪಿಕ್ಸೆಲ್ ಆಗುತ್ತದೆ, ಮುದ್ರಣಕ್ಕೆ ಬೇಕಾದ 300ರ ಲೆಕ್ಕದಲ್ಲಿ 6×8 ಇಂಚಿನವರೆಗೆ ಹಿಗ್ಗಿಸಬಹುದು. ವಾಟ್ಸಾಪಿನಲ್ಲಿ ಕಳಿಸುವವರಿಗೆ ಒಂದೇ ವಿನಂತಿ: ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ.

ಕ್ರಾಪ್ ಮಾಡುವುದರ ಬಗ್ಗೆ ನನ್ನ ನಿಲುವು ಗಟ್ಟಿಯಾದದ್ದು ಚನ್ನರಾಯಪಟ್ಟಣದ ಕಡೆಯ ಸೋಬಾನೆ ಹಾಡುವ ಹೆಂಗಸರ ಪುಟ ಮಾಡುವಾಗ. ಹಾಡು ಎತ್ತಿಕೊಡುವ ಹಿರಿಯರ ಮುಖ ಚೆನ್ನಾಗಿ ಬಂದಿತ್ತು, ಅದನ್ನೊಂದೇ ದೊಡ್ಡದಾಗಿ ಹಾಕಿದರೆ ಪುಟ ಕಳೆಗಟ್ಟುತ್ತಿತ್ತು. ಫೋಟೊ ನೋಡಿ ಆಕೆ ಕೇಳಿದ್ದು ಇಷ್ಟೇ: “ಸೊಲ್ಲು ಹಿಡಿಯೋರೆಲ್ಲ ಎಲ್ಲೋದ್ರಪ್ಪ? ಅವರಿಲ್ದೆ ನಾನೊಬ್ಳೇ ಹೆಂಗಾಡ್ಲಿ?” ಎತ್ತುವವರು, ಅದನ್ನು ಹಿಡಿದು ಮರಳಿ ಹಾಡುವವರು ಇಬ್ಬರೂ ಸೇರಿದರೇ ಸೋಬಾನೆ. ಚಿತ್ರವನ್ನು ಎರಡು ಪುಟಗಳ ಅಗಲಕ್ಕೆ ಹರಡಿ ಪ್ರತಿಯೊಬ್ಬರ ಹೆಸರನ್ನೂ ಕೆಳಗೆ ಹಾಕಿದೆವು. ಶಾಸ್ತ್ರೀಯ ಕಚೇರಿಯ ಚಿತ್ರಕ್ಕೂ ಇದೇ ನ್ಯಾಯ. ಘಟದವರು, ಖಂಜಿರದವರು, ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯೆ, ಇವರ ಅರ್ಧ ಭುಜ ಉಳಿಸಿ ಕತ್ತರಿಸಿದ ಫೋಟೊ ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರವಾದರೆ ಪುಟಗಳ ಹೊಲಿಗೆಯ ಜಾಗದಲ್ಲಿ ಯಾರ ಮುಖವೂ ಬೀಳದಂತೆ ನೋಡಿಕೊಳ್ಳಬೇಕಾದ್ದೂ ನಮ್ಮ ಕೆಲಸವೇ.

ಇನ್ನು ಸ್ವರಲಿಪಿಯ ಪುಟ. ಸಂಗೀತ ಪತ್ರಿಕೆಯ ನಿಜವಾದ ಕಷ್ಟ, ನಿಜವಾದ ಸಂತೋಷ ಎರಡೂ ಇಲ್ಲೇ.

ಸ್ಥಾಯಿ ತೋರಿಸಲು ಸ್ವರದ ಮೇಲೋ ಕೆಳಗೋ ಚುಕ್ಕೆ ಬರುತ್ತದೆ. ಮೇಲಿದ್ದರೆ ತಾರ, ಕೆಳಗಿದ್ದರೆ ಮಂದ್ರ, ಕೆಳಗೆ ಎರಡಿದ್ದರೆ ಅನುಮಂದ್ರ. ಕಾಲ ದ್ವಿಗುಣವಾದರೆ ಸ್ವರಗಳ ಮೇಲೊಂದು ಗೆರೆ. ಆದಿತಾಳವಾದರೆ ನಾಲ್ಕು, ಎರಡು, ಎರಡು ಎಂದು ಎಂಟು ಅಕ್ಷರಕ್ಕೆ ಅಂಗಗಳ ಗೀಟು, ಸ್ವರಗಳ ಕೆಳಗೆ ಸಾಹಿತ್ಯ. ಫೋಟೊಶಾಪ್‌ನಂಥ ಚಿತ್ರ ತಂತ್ರಾಂಶದಲ್ಲಿ ಅಕ್ಷರ ಒಂದು ಲೇಯರು, ಚುಕ್ಕೆಗಳು ಇನ್ನೊಂದು ಲೇಯರು ಮಾಡುವವರಿದ್ದಾರೆ. ಕರಡು ತಿದ್ದುವಾಗ ಸಾಲಿನ ಮೊದಲಿಗೆ ಒಂದು ಕಾರ್ವೆ (ಸ್ವರ ಎಳೆಯುವ ಗುರುತು) ಸೇರಿಸಿದರೆ ಸಾಕು, ಅಕ್ಷರವೆಲ್ಲ ಸರಿದು ಚುಕ್ಕೆ ಅಲ್ಲೇ ನಿಂತು, ಮಂದ್ರದ ನಿಷಾದಕ್ಕೆ ಇಟ್ಟ ಚುಕ್ಕೆ ಪಕ್ಕದ ಷಡ್ಜದ ಕೆಳಗೆ ಹೋಗಿರುತ್ತದೆ. ಅದನ್ನು ನೋಡಿ ಕಲಿಯುವ ಮಗು ತಪ್ಪನ್ನೇ ಪಾಠವಾಗಿ ಕಲಿಯುತ್ತದೆ. ಕೋಷ್ಟಕ ಮಾಡಿ, ತಾಳದ ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ ಕೊಟ್ಟು, ಸ್ವರವನ್ನೂ ಚುಕ್ಕೆಯನ್ನೂ ಸಾಹಿತ್ಯವನ್ನೂ ಒಂದೇ ಮನೆಯಲ್ಲಿ ಇಟ್ಟರೆ ಈ ಭಯವಿಲ್ಲ. ಇದಕ್ಕೆ ಇನ್‌ಡಿಸೈನ್ ಅಥವಾ ಉಚಿತವಾಗಿ ಸಿಗುವ ಸ್ಕ್ರೈಬಸ್ಸಿನಂಥ ಪುಟಜೋಡಣೆಯ ತಂತ್ರಾಂಶವೇ ಬೇಕು. ಚಿತ್ರ ತಂತ್ರಾಂಶ ಚಿತ್ರಕ್ಕೆ ಮತ್ತು ರಕ್ಷಾಪುಟಕ್ಕೆ ಸಾಕು.

ಮುದ್ರಣದ ಕಾರಣವೂ ಇದೆ. ಚಿತ್ರವಾಗಿಬಿಟ್ಟ ಅಕ್ಷರದ ಕಪ್ಪು ಸಾಮಾನ್ಯವಾಗಿ ನಾಲ್ಕು ಮಸಿಗಳು ಸೇರಿ ಆದ ಕಪ್ಪು. ಆಫ್‌ಸೆಟ್‌ನಲ್ಲಿ ಪ್ಲೇಟುಗಳ ಹೊಂದಾಣಿಕೆ ಕೂದಲೆಳೆಯಷ್ಟು ತಪ್ಪಿದರೂ ಪುಟ್ಟ ಚುಕ್ಕೆ ಕದಡಿ ಎರಡಾದಂತೆ ಕಾಣುತ್ತದೆ, ಮಂದ್ರ ಹೋಗಿ ಅನುಮಂದ್ರವಾಗುತ್ತದೆ. ಸ್ವರಲಿಪಿ ಅಚ್ಚಾಗಬೇಕಾದ್ದು ಕಪ್ಪು ಮಸಿಯೊಂದರಲ್ಲೇ. ಕನ್ನಡದ್ದೇ ಆದ ತೊಡಕೂ ಒಂದಿದೆ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಆಯ್ಕೆ ಮಾಡದೆ ಯೂನಿಕೋಡ್ ಕನ್ನಡ ಹಾಕಿದರೆ ‘ಕೀರ್ತನೆ’ಯ ಅರ್ಕಾವತ್ತು, ‘ಷಣ್ಮುಖಪ್ರಿಯ’ದ ಒತ್ತುಗಳು ಬಿಡಿಬಿಡಿಯಾಗುತ್ತವೆ. ಈ ಕಾಟಕ್ಕೆ ಹೆದರಿ ಈಗಲೂ ನುಡಿ, ಬರಹದ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲೇ ಪತ್ರಿಕೆ ಮುಗಿಸುವವರಿದ್ದಾರೆ. ಆದರೆ ಹಾಗೆ ಮುಗಿಸಿದ ಪಠ್ಯದಲ್ಲಿ ನಾಳೆ ಯಾರಾದರೂ ಒಂದು ರಾಗದ ಹೆಸರು ಹುಡುಕಿದರೆ ಸಿಗುವುದಿಲ್ಲ.

ಪುಟದ ಅಳತೆ, ಅಕ್ಷರದ ಗಾತ್ರಗಳ ಬಗ್ಗೆ ನನಗೆ ಕಣ್ಣು ತೆರೆಸಿದವರು ಹೊಳೆನರಸೀಪುರದ ವೀಣೆ ಟೀಚರ್ ಒಬ್ಬರು. ಒಂದು ವರ್ಣದ ಕರಡನ್ನು ಅವರ ಮನೆಗೆ ಒಯ್ದಿದ್ದೆ. ಅವರು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ವೀಣೆ ತೊಡೆಯ ಮೇಲಿತ್ತು, ಹಾಳೆಯನ್ನು ಎದುರಿಗೆ ನೆಲದ ಮೇಲೆ ಹಾಕಿಕೊಂಡು ನುಡಿಸತೊಡಗಿದರು. ಮುಕ್ತಾಯಿ ಸ್ವರ ಮುಗಿದು ಚರಣಕ್ಕೆ ಹೋಗುವಲ್ಲಿ ನಿಲ್ಲಿಸಿದರು. “ನೋಡಪ್ಪ, ಚರಣ ಹಾಳೆಯ ಹಿಂಬದಿಗಿದೆ. ತಿರುವಿ ಹಾಕೋಕೆ ನಂಗೆ ಕೈ ಎಲ್ಲಿದೆ ಹೇಳು?”

ಅಲ್ಲಿಂದ ಮುಂದೆ ಸ್ವರಲಿಪಿ ಯಾವಾಗಲೂ ಎಡಪುಟದಲ್ಲಿ ಶುರುವಾಗಿ ಎದುರಿನ ಬಲಪುಟದಲ್ಲೇ ಮುಗಿಯಬೇಕು ಎಂದು ಸಂಪಾದಕರೊಂದಿಗೆ ನಿಶ್ಚಯ ಮಾಡಿಕೊಂಡೆವು. ಅದಕ್ಕಾಗಿ ಜಾಹೀರಾತನ್ನು ಬೇರೆ ಪುಟಕ್ಕೆ ಸರಿಸಬೇಕಾದರೂ ಸರಿ, ಲೇಖನ ಕತ್ತರಿಸಬೇಕಾದರೂ ಸರಿ. ಒಂದು ಆವರ್ತ ಎರಡು ಸಾಲಿಗೆ ಒಡೆಯಬಾರದು. ಲೇಖನಕ್ಕೆ 11 ಪಾಯಿಂಟ್ ಸಾಕು. ನೆಲದ ಮೇಲಿನ ಪುಟ ಕಣ್ಣಿಗೆ ದೂರವಾದ್ದರಿಂದ ಸ್ವರಕ್ಕೆ 14 ಬೇಕು. ಕೆಳಗಿನ ಚುಕ್ಕೆಗೂ ಸಾಹಿತ್ಯದ ಒತ್ತಕ್ಷರಗಳಿಗೂ ಜಾಗ ಸಿಗುವಷ್ಟು ಸಾಲುಗಳ ಅಂತರವೂ ಇರಬೇಕು. ನಯವಾದ ಆರ್ಟ್ ಪೇಪರು ಟ್ಯೂಬ್‌ಲೈಟಿನ ಕೆಳಗೆ ಹೊಳೆಯುತ್ತದೆ, ಬೇಡ. ಮ್ಯಾಪ್ಲಿಥೋ ಕಾಗದ ಅಗ್ಗವೂ ಹೌದು, ಮೇಲೆ ಪೆನ್ಸಿಲಿನಲ್ಲಿ ಗಮಕದ ಗುರುತು ಮಾಡಿಕೊಳ್ಳಲೂ ಬರುತ್ತದೆ. ಸ್ವರದ ಹಿಂದೆ ಸರಸ್ವತಿಯ ಚಿತ್ರವನ್ನು ಮಸುಕಾಗಿ ಹಾಕುವ ಆಸೆ ಎಷ್ಟೋ ಜನ ವಿನ್ಯಾಸಕಾರರಿಗಿದೆ. ನಾನು ಒಪ್ಪುವುದಿಲ್ಲ, ಸ್ವರಗಳ ಹಿಂದೆ ಬಿಳಿ ಕಾಗದವೇ ಇರಲಿ.

ಸಂಚಿಕೆ ಅಚ್ಚಾದ ಮೇಲೂ ಕೆಲಸ ಸ್ವಲ್ಪ ಉಳಿದಿರುತ್ತದೆ. ಎರವಲು ತಂದ ಫೋಟೊಗಳನ್ನು ವಾಪಸು ಮಾಡುವಾಗ ತಿದ್ದಿದ ಪ್ರತಿಯ ಜೊತೆಗೆ ಮುಟ್ಟದ ಮೂಲ ಸ್ಕ್ಯಾನನ್ನೂ ಟಿಫ್ ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿ ಆ ಮನೆಯವರಿಗೆ ಕೊಡುತ್ತೇನೆ. ಕಡತದ ಹೆಸರಿನಲ್ಲೇ ವ್ಯಕ್ತಿಗಳ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆದಿರುತ್ತೇನೆ. ಫೋಟೊದ ಹಿಂಬದಿಯಲ್ಲಿ ಬರೆಯಬೇಕೆನ್ನುವವರಿಗೆ ಬಾಲ್‌ಪೆನ್ ಬಿಟ್ಟು ಮೆತ್ತನೆಯ ಪೆನ್ಸಿಲ್ ಬಳಸಿ ಎನ್ನುತ್ತೇನೆ, ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಉಬ್ಬು ಮೂಡುತ್ತದೆ. ಮನೆಯ ಅಜ್ಜಿಯರು ಇರುವಾಗಲೇ ಕೂತು, ಹಿಂದಿನ ಸಾಲಿನಲ್ಲಿ ತಂಬೂರಿ ಹಿಡಿದವರು ಯಾರೆಂದು ಕೇಳಿ ಬರೆದುಕೊಳ್ಳಬೇಕು.