ಬರೀ ಪಾಠ ಮಾಡುವ ಹುದ್ದೆ ಅರ್ಧ ಹುದ್ದೆಯೇ?

ಪ್ರಶ್ನೆ: ನನಗೆ 34 ವರ್ಷ, ಊರು ಸಾಗರದ ಹತ್ತಿರ. ಕೆನಡಾದಲ್ಲಿ ರಾಜ್ಯಶಾಸ್ತ್ರದ ಪಿಎಚ್.ಡಿ. ಕಳೆದ ವರ್ಷ ಮುಗಿಸಿದೆ. ಕರ್ನಾಟಕದ ಪಂಚಾಯಿತಿಗಳ ಮಹಿಳಾ ಸದಸ್ಯರು ನನ್ನ ಪ್ರಬಂಧದ ವಿಷಯ. ಈಗ ಒಂಟಾರಿಯೊ ಪ್ರಾಂತ್ಯದ ಒಂದು ವಿಶ್ವವಿದ್ಯಾಲಯ ‘ಅಸಿಸ್ಟೆಂಟ್ ಪ್ರೊಫೆಸರ್, ಟೀಚಿಂಗ್ ಸ್ಟ್ರೀಮ್’ ಹುದ್ದೆ ಕೊಡುತ್ತೇವೆ ಎಂದಿದೆ. ವರ್ಷಕ್ಕೆ ಆರು ಕೋರ್ಸ್. ಹತ್ತು ದಿನದಲ್ಲಿ ಉತ್ತರ ಹೇಳಬೇಕು. ‘ಒಮ್ಮೆ ಆ ಕಡೆ ಹೋದರೆ ಸಂಶೋಧನೆಯ ಹುದ್ದೆಗೆ ವಾಪಸ್ ಬರುವುದು ಕಷ್ಟ, ಇನ್ನೊಂದು ವರ್ಷ ಕಾಯಿ’ ಎನ್ನುತ್ತಾರೆ ನನ್ನ ಗೈಡ್. ಅಮ್ಮ ಫೋನಿನಲ್ಲಿ ‘ಇಷ್ಟೆಲ್ಲಾ ಓದಿ ಬರೀ ಪಾಠ ಮಾಡೋಕಾ? ನಮ್ಮಲ್ಲಿಯ ಗೆಸ್ಟ್ ಲೆಕ್ಚರರ್ ಥರಾನೇ ಅಲ್ವಾ ಅದು?’ ಅಂದರು. ಕೆಲಸದ ಪರವಾನಗಿ ಮುಂದಿನ ವರ್ಷ ಮುಗಿಯುತ್ತದೆ. ಸಂದರ್ಶನದ ದಿನ ಡೆಮೊ ಕ್ಲಾಸಿನಲ್ಲಿ 1995ರ ಕ್ವಿಬೆಕ್ ಜನಮತಗಣನೆಯ ಮತಪತ್ರವನ್ನು ಹಂಚಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ‘ಇದಕ್ಕೆ ಓಟು ಹಾಕಬೇಕಾದರೆ ಮೊದಲು ಇದರಲ್ಲಿ ಹೇಳಿರುವ ಒಪ್ಪಂದವನ್ನು ಓದಬೇಕಲ್ಲ?’ ಎಂದ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಈಗ ಚಿಂತೆಗೆ ಬರುತ್ತಿಲ್ಲ. ಏನು ಮಾಡಲಿ?
— ಹೆಸರು ಬೇಡ, ಒಂಟಾರಿಯೊ

ಉತ್ತರ: ತಂಗಿ, ಅಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಹೆಚ್ಚು ಚುಚ್ಚಿರುವುದು ಅದೇ ಅನ್ನಿಸಿತು.

ಅವರು ಕಂಡದ್ದನ್ನು ಹೇಳಿದ್ದಾರೆ. ನಾನೇ ನಾಲ್ಕು ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಕಾಯಂ ಇದ್ದವರಷ್ಟೇ ಪೀರಿಯಡ್, ಅವರಷ್ಟೇ ಉತ್ತರಪತ್ರಿಕೆ. ಬೇಸಿಗೆ ರಜೆ ಬಂತೆಂದರೆ ಸಂಬಳ ನಿಲ್ಲುತ್ತಿತ್ತು, ಕಾಲೇಜು ತೆರೆಯುವಾಗ ಮತ್ತೆ ಅರ್ಜಿ. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ಹೆಸರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಅಳಿಸುವುದು ಸುಲಭವಾಗಲಿ ಎಂದು. ಪಾಠ ಮಾಡುವ ಸುಖ ಏನೆಂದು ನನಗೆ ಗೊತ್ತಾದದ್ದು ಆ ವರ್ಷಗಳಲ್ಲೇ, ಪಾಠ ಮಾಡುವವರನ್ನು ಎಷ್ಟು ಅಗ್ಗ ಮಾಡಬಹುದೆಂದು ಗೊತ್ತಾದದ್ದೂ ಆಗಲೇ. ಹಾಗಾಗಿ ‘ಬರೀ ಪಾಠ’ ಎಂದ ಕೂಡಲೇ ನಿಮ್ಮ ಅಮ್ಮನಿಗೆ ಆ ಪೆನ್ಸಿಲ್ ಹೆಸರು ನೆನಪಾಗುವುದು ಸಹಜ.

ನಿಮ್ಮ ಕೈಗೆ ಬಂದಿರುವುದು ಆ ಕೆಲಸವೋ ಬೇರೆಯೋ ಎಂಬುದನ್ನು ಮೊದಲು ಬಿಡಿಸಿ ನೋಡೋಣ. ಕೆನಡಾದಲ್ಲಿ ಪಾಠದ ಕೆಲಸ ಮೂರು ಬಗೆ. ಒಂದು, ಸೆಷನಲ್: ಒಂದು ಟರ್ಮ್, ಒಂದು ಕೋರ್ಸ್, ಅದಕ್ಕಿಷ್ಟು ಹಣ. ಅಮ್ಮ ಹೇಳುವ ಅತಿಥಿ ಉಪನ್ಯಾಸಕರಿಗೆ ಹತ್ತಿರವಾದದ್ದು ಇದು. ಎರಡು, ಒಂದೆರಡು ವರ್ಷದ ಅವಧಿ ನೇಮಕ: ಸಂಬಳ ಚೆನ್ನಾಗಿದ್ದರೂ ಅವಧಿ ತೀರಿದ ಮೇಲೆ ಭರವಸೆ ಇಲ್ಲ. ಮೂರು, ಟೀಚಿಂಗ್ ಸ್ಟ್ರೀಮ್: ಪ್ರೊಬೇಷನ್ ವರ್ಷಗಳು ಮುಗಿದು ಪರಿಶೀಲನೆಯಲ್ಲಿ ಗೆದ್ದರೆ ಕಾಯಂ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಈ ದಾರಿಯವರನ್ನು 2015ರವರೆಗೆ ಲೆಕ್ಚರರ್, ಸೀನಿಯರ್ ಲೆಕ್ಚರರ್ ಎನ್ನುತ್ತಿದ್ದರು. ಆಮೇಲೆ ಅವರಿಗೂ ಪ್ರೊಫೆಸರ್ ಪದನಾಮ ಬಂತು. ಅವರ ಕಾಯಮಾತಿಗೆ ಅಲ್ಲಿ ‘ಕಂಟಿನ್ಯೂಯಿಂಗ್ ಸ್ಟೇಟಸ್’ ಎಂದು ಹೆಸರು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದೇ ಬಗೆಯವರಿಗೆ ಟೆನ್ಯೂರ್ ಎಂಬ ಹೆಸರಿನಲ್ಲೇ ಕಾಯಮಾತಿ ಸಿಗುತ್ತದೆ. ನಿಮ್ಮ ಹುದ್ದೆಯ ಹೆಸರು ಮೂರನೆಯ ಬಗೆಯದು. ಆದರೆ ಹೆಸರನ್ನು ನಂಬಿ ಸಹಿ ಹಾಕಬೇಡಿ.

ಇಲ್ಲಿಗೆ ನಿಮ್ಮ ಹಿಂದಿನ ಸಾಲಿನ ಹುಡುಗ ಬೇಕಾಗುತ್ತಾನೆ. 1995ರ ಅಕ್ಟೋಬರ್ 30ರಂದು ಕ್ವಿಬೆಕ್‌ನ ಜನರ ಮುಂದಿದ್ದ, ಕೆನಡಾದಿಂದ ಬೇರೆಯಾಗಬೇಕೇ ಎಂಬ ಪ್ರಶ್ನೆ ಒಂದು ಮಸೂದೆಯನ್ನೂ ಅದೇ ವರ್ಷ ಜೂನ್ 12ರಂದು ಸಹಿಯಾದ ಒಂದು ಒಪ್ಪಂದವನ್ನೂ ಹೆಸರಿಸಿತ್ತು. ಅವೆರಡನ್ನೂ ಓದದವರಿಗೆ ತಾವು ಯಾವುದಕ್ಕೆ ಹೌದು ಅನ್ನುತ್ತಿದ್ದೇವೆ ಎಂಬುದೇ ಪೂರ್ತಿ ತಿಳಿಯುತ್ತಿರಲಿಲ್ಲ. ಬೇಡ ಎಂದವರು ಶೇ 50.58, ಬೇಕು ಎಂದವರು ಶೇ 49.42. ಕೂದಲೆಳೆಯ ಅಂತರದಲ್ಲಿ ಒಂದು ದೇಶ ಉಳಿಯಿತು. ಪ್ರಶ್ನೆ ಸ್ಪಷ್ಟವಾಗಿರಬೇಕು, ಬಹುಮತವೂ ಸ್ಪಷ್ಟವಾಗಿರಬೇಕು ಎಂದು 2000ದಲ್ಲಿ ಕೆನಡಾ ಸಂಸತ್ತು ಕಾನೂನನ್ನೇ ಮಾಡಿತು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ನಿಮ್ಮ ನೇಮಕದ ಪತ್ರವೂ ಆ ಮತಪತ್ರದಂಥದ್ದೇ. ಎರಡು ಪುಟದ ಪತ್ರ, ಒಳಗೆ ‘ಸಾಮೂಹಿಕ ಒಪ್ಪಂದದ ಪ್ರಕಾರ’, ‘ವಿಶ್ವವಿದ್ಯಾಲಯದ ನೀತಿಯ ಪ್ರಕಾರ’ ಎಂಬ ಮಾತುಗಳು. ಅಧ್ಯಾಪಕರ ಸಂಘ ಮಾಡಿಕೊಂಡ ಆ ಸಾಮೂಹಿಕ ಒಪ್ಪಂದವನ್ನು ಸಂಘದ ಕಚೇರಿಯಲ್ಲಿ ಕೇಳಿ ಪಡೆಯಿರಿ. ಅದನ್ನು ಓದುವ ಮುನ್ನ ಹೌದು ಅನ್ನಬೇಡಿ, ಇಲ್ಲ ಅಂತಲೂ ಅನ್ನಬೇಡಿ.

ಓದುವಾಗ ಏನು ಹುಡುಕಬೇಕು? ‘ಆರು ಕೋರ್ಸ್’ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಒಂದೇ ಕೋರ್ಸಿನ ಎರಡು ವಿಭಾಗಗಳನ್ನು ಕೊಟ್ಟರೆ ತಯಾರಿ ಒಂದೇ. ಆರೂ ಬೇರೆ ಬೇರೆ, ಅದೂ ಮೊದಲ ವರ್ಷವೇ ಎಂದರೆ ರಾತ್ರಿಯಿಡೀ ನಾಳೆಯ ಪಾಠ ಬರೆಯುತ್ತಾ ಕೂರಬೇಕು. ಮೊದಲ ವರ್ಷ ಎಷ್ಟು ಹೊಸ ಕೋರ್ಸ್ ಎಂದು ಕೇಳಿ. ಮುನ್ನೂರು ಮಂದಿಯ ತರಗತಿ ಇದ್ದರೆ ಟ್ಯುಟೋರಿಯಲ್‌ಗೂ ಮೌಲ್ಯಮಾಪನಕ್ಕೂ ಎಷ್ಟು ಜನ ಬೋಧನಾ ಸಹಾಯಕರು (ಟಿ.ಎ.), ಎಷ್ಟು ಗಂಟೆ ಎಂದು ಕೇಳಿ. ವರ್ಷದಲ್ಲಿ ಪಾಠವಿಲ್ಲದ ಒಂದು ಟರ್ಮ್ ಇದೆಯೇ? ಸಂಶೋಧನೆಯ ಪ್ರೊಫೆಸರ್‌ಗಳಿಗೆ ಸಿಗುವ ಅಧ್ಯಯನ ರಜೆ ನಿಮಗೂ ಉಂಟೇ? ವಿಭಾಗದ ಸಭೆಯಲ್ಲಿ ಮತ ಹಾಕುವ ಹಕ್ಕು, ಶೈಕ್ಷಣಿಕ ಸ್ವಾತಂತ್ರ್ಯದ ಕಲಮು ನಿಮಗೂ ಅನ್ವಯಿಸುತ್ತವೆಯೇ? ರಾಜ್ಯಶಾಸ್ತ್ರ ಕಲಿಸುವವರಿಗೆ ಕೊನೆಯದು ಬಹಳ ಮುಖ್ಯ. ನಾಳೆ ತರಗತಿಯಲ್ಲಿ ಚುನಾವಣೆ, ಧರ್ಮ, ಗಡಿ ಎಲ್ಲ ಬರುತ್ತವೆ. ಯಾರಾದರೂ ದೂರು ಕೊಟ್ಟ ದಿನ ನಿಮ್ಮನ್ನು ಕಾಯುವುದು ಆ ಕಲಮೇ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಕಾಯಂ ಮಾಡುವಾಗ ನನ್ನ ಪಾಠವನ್ನು ಹೇಗೆ ಅಳೆಯುತ್ತೀರಿ? ವಿದ್ಯಾರ್ಥಿಗಳು ಟರ್ಮಿನ ಕೊನೆಗೆ ಕೊಡುವ ಅಂಕಗಳಿಂದ ಮಾತ್ರ ಎಂದರೆ ಎಚ್ಚರಿಕೆ. 2018ರಲ್ಲಿ ಟೊರಾಂಟೊದ ರೈರ್ಸನ್ ವಿಶ್ವವಿದ್ಯಾಲಯದ ವ್ಯಾಜ್ಯದಲ್ಲಿ ಮಧ್ಯಸ್ಥಗಾರ ವಿಲಿಯಂ ಕ್ಯಾಪ್ಲನ್ ಇದೇ ಪ್ರಶ್ನೆಯನ್ನು ವಿಚಾರಿಸಿದರು. ಬಡ್ತಿಗೂ ಟೆನ್ಯೂರ್‌ಗೂ ಪಾಠದ ಗುಣವನ್ನು ಆ ಅಂಕಗಳಿಂದ ಅಳೆಯಬಾರದು ಎಂದು ತೀರ್ಪು ಕೊಟ್ಟರು. ಹೆಂಗಸರು, ಬೇರೆ ಬಣ್ಣದವರು, ಬೇರೆ ಉಚ್ಚಾರದವರು ಎಂಬ ಪೂರ್ವಗ್ರಹಗಳು ಆ ಅಂಕಗಳೊಳಗೆ ಸೇರಿಕೊಳ್ಳುತ್ತವೆ. ಸಾಗರದ ಉಚ್ಚಾರವನ್ನು ಇಂಗ್ಲಿಷಿಗೂ ಕೊಂಡೊಯ್ದ ನಿಮಗೆ ಇದು ದೂರದ ಸುದ್ದಿಯಲ್ಲ. ಸಹೋದ್ಯೋಗಿಗಳು ತರಗತಿಯಲ್ಲಿ ಕೂತು ನೋಡುತ್ತಾರೆಯೇ, ನಿಮ್ಮ ಪಠ್ಯಕ್ರಮ, ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಬರಹಗಳನ್ನು ಓದುತ್ತಾರೆಯೇ ಎಂದು ಕೇಳಿ. ಕೆಲಸಕ್ಕೆ ಸೇರಿದ ದಿನದಿಂದಲೇ ಅವೆಲ್ಲವನ್ನೂ ಒಂದು ಫೈಲಿನಲ್ಲಿ ಕೂಡಿಸಿಡಿ.

ಈಗ ನಿಮ್ಮ ಗೈಡ್ ಮಾತು. ಅದರಲ್ಲಿ ಸತ್ಯವಿದೆ, ಮುಚ್ಚಿಡುವುದಿಲ್ಲ. ಟೀಚಿಂಗ್ ಸ್ಟ್ರೀಮಿನಿಂದ ಸಂಶೋಧನೆಯ ಹುದ್ದೆಗೆ ಸಾಮಾನ್ಯವಾಗಿ ಬಡ್ತಿಯ ದಾರಿ ಇರುವುದಿಲ್ಲ. ಹೊಸ ಜಾಹೀರಾತಿಗೆ ಎಲ್ಲರಂತೆ ಅರ್ಜಿ ಹಾಕಬೇಕು, ಆ ಹೊತ್ತಿಗೆ ಪ್ರಕಟಣೆಗಳ ಪಟ್ಟಿ ಸಣ್ಣದಾಗಿರುತ್ತದೆ. ಆದ್ದರಿಂದ ಇದನ್ನು ಮೆಟ್ಟಿಲು ಎಂದುಕೊಂಡು ಒಪ್ಪಬೇಡಿ. ಹತ್ತು ವರ್ಷದ ಮೇಲೂ ಇದೇ ಕೆಲಸ ಮಾಡುತ್ತಾ ನೆಮ್ಮದಿಯಾಗಿರಬಲ್ಲೆ ಅನ್ನಿಸಿದರೆ ಮಾತ್ರ ಒಪ್ಪಿ.

ಹಾಗೆಂದು ಪಿಎಚ್.ಡಿ. ವ್ಯರ್ಥವಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1983ರ ಕಾಯ್ದೆಯಲ್ಲಿ ಕರ್ನಾಟಕ ಪಂಚಾಯತ್ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಚುನಾವಣೆಯೂ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಒಂದು ರಾಜ್ಯ ಮೊದಲು ಮಾಡಿ ತೋರಿಸಿತು, ದೇಶ ಆಮೇಲೆ ಬಂತು. ಒಕ್ಕೂಟ ವ್ಯವಸ್ಥೆ ಎಂದರೇನು ಎಂದು ಕೆನಡಾದ ಹತ್ತೊಂಬತ್ತರ ಹುಡುಗಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದಿದೆ? ನೀವು ಜಗಲಿಗಳ ಮೇಲೆ ಕೂತು ಮಾತಾಡಿಸಿದ ಆ ಸದಸ್ಯೆಯರು ತರಗತಿಗೆ ಬರಲಿ. ಪುಸ್ತಕವನ್ನು ಪಾಠವಿಲ್ಲದ ಟರ್ಮಿನಲ್ಲಿ ನಿಧಾನವಾಗಿ ಬರೆಯಿರಿ. ರಾಜ್ಯಶಾಸ್ತ್ರವನ್ನು ಕಲಿಸುವುದು ಹೇಗೆಂಬುದೂ ಸಂಶೋಧನೆಯೇ. ಅಮೆರಿಕದ ರಾಜ್ಯಶಾಸ್ತ್ರ ಸಂಘ ಅದಕ್ಕೆಂದೇ ‘ಜರ್ನಲ್ ಆಫ್ ಪೊಲಿಟಿಕಲ್ ಸೈನ್ಸ್ ಎಜುಕೇಶನ್’ ಎಂಬ ಪತ್ರಿಕೆ ತರುತ್ತದೆ. ನಿಮ್ಮ ಮತಪತ್ರದ ಪಾಠವನ್ನೇ ಒಂದು ಲೇಖನವಾಗಿ ಬರೆಯಬಹುದು.

ಪರವಾನಗಿಯ ಭಯವನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಹುದ್ದೆಯ ನಿರ್ಧಾರಕ್ಕೆ ಬೆರೆಸಬೇಡಿ. ಕೆನಡಾದಲ್ಲಿ ಪರಿಣತಿಯ ಕೆಲಸವನ್ನು ಒಂದು ವರ್ಷ, ಅಂದರೆ 1,560 ಗಂಟೆ ಮಾಡಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಲು ಒಂದು ದಾರಿ ತೆರೆಯುತ್ತದೆ. ಅಲ್ಲಿಯವರೆಗಿನ ಪರವಾನಗಿಗೆ ವಿಶ್ವವಿದ್ಯಾಲಯ ಏನು ಮಾಡುತ್ತದೆಂದು ವಿಭಾಗದ ಮುಖ್ಯಸ್ಥರಿಂದ ಲಿಖಿತವಾಗಿ ಪಡೆಯಿರಿ. ಇನ್ನೊಂದು ವರ್ಷ ಕಾಯುವುದಾದರೂ ಆ ವರ್ಷ ಹೊಟ್ಟೆಪಾಡಿಗೆ ಸೆಷನಲ್ ಪಾಠವನ್ನೇ ಮಾಡಬೇಕಾಗಿ ಬರಬಹುದು. ಕಾಯುವುದಕ್ಕೂ ಬೆಲೆ ಇದೆ ಎಂಬುದನ್ನು ಗೈಡ್ ಜೊತೆ ಕೂತು ಲೆಕ್ಕ ಹಾಕಿ.

ನನ್ನ ಸಲಹೆ ಇಷ್ಟು. ಕಾಯಮಾತಿಯ ದಾರಿ ಬರಹದಲ್ಲಿದ್ದು, ಮೊದಲ ವರ್ಷದ ಹೊಸ ಕೋರ್ಸುಗಳು ಮೂರು ನಾಲ್ಕಕ್ಕೆ ಮೀರದೆ, ಪಾಠವಿಲ್ಲದ ಟರ್ಮ್ ಒಂದಿದ್ದರೆ, ತಲೆಯೆತ್ತಿ ಒಪ್ಪಿಕೊಳ್ಳಿ. ಮೂರರಲ್ಲಿ ಮೊದಲನೆಯದೇ ಇಲ್ಲವಾದರೆ ಹೆಸರು ಎಷ್ಟೇ ದೊಡ್ಡದಿರಲಿ, ಅದು ಅಮ್ಮ ಹೆದರಿದ ಕೆಲಸವೇ. ಇವತ್ತೇ ವಿಭಾಗದ ಮುಖ್ಯಸ್ಥರಿಗೆ ಬರೆದು ಅರ್ಧ ಗಂಟೆ ಕೇಳಿ. ಸಾಲದಿದ್ದರೆ ಉತ್ತರಕ್ಕೆ ಇನ್ನೊಂದು ವಾರ ಕೇಳಿ. ಹಾಗೆ ಕೇಳುವುದು ಅಲ್ಲಿ ಸಾಮಾನ್ಯ, ಯಾರೂ ತಪ್ಪು ತಿಳಿಯುವುದಿಲ್ಲ.

ಅಮ್ಮನಿಗೆ ಫೋನ್ ಮಾಡಿದಾಗ ಸ್ಟ್ರೀಮು, ಸ್ಟೇಟಸ್ಸು ಯಾವುದನ್ನೂ ವಿವರಿಸಬೇಡಿ. ಆ ಹುಡುಗನ ಪ್ರಶ್ನೆಯನ್ನು ಹೇಳಿ. ಇಪ್ಪತ್ತು ವರ್ಷವೂ ತುಂಬದ ಒಬ್ಬ, ಓಟು ಹಾಕುವ ಮುನ್ನ ಒಪ್ಪಂದ ಓದಬೇಕು ಎಂದು ತಾನಾಗಿ ಕಂಡುಕೊಂಡ, ಅದು ನನ್ನ ಕ್ಲಾಸಿನಲ್ಲಿ ಆಯಿತು ಎಂದು ಹೇಳಿ. ಆಮೇಲೆ, ಕಾಗದ ಓದಿ ಖಚಿತವಾಗಿದ್ದರೆ ಇದನ್ನೂ ಹೇಳಿ: ‘ಅಮ್ಮಾ, ಇಲ್ಲಿ ನನ್ನ ಹೆಸರನ್ನು ಪೆನ್ನಿನಲ್ಲೇ ಬರೆಯುತ್ತಾರೆ.’